ಕುದುರೆ ಮನೆಯ ಕಾಲಾಳು

ಸೋತ ಮೇಲೆ ಆನಂದ್ ಕೈ ಕುಲುಕಲಿಲ್ಲ. ತನ್ನ ರಾಜನನ್ನು ಚೆಸ್ ಬೋರ್ಡಿನ ಮೇಲೆ ಅಡ್ಡ ಮಲಗಿಸಿ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದವನು ಸೀದಾ ಹಗ್ಗದ ಆಚೆ ಪ್ರೇಕ್ಷಕರ ಸಾಲಿಗೆ ಹೋದ. ಅಲ್ಲಿ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಮುದುಕನ ಕಿವಿಗೆ ಕೈ ಹಾಕಿ, ಕಿವಿ ಕೇಳಿಸುವ ಮಿಷನ್ನನ್ನು ಕಿತ್ತುಕೊಂಡ.

"ನೋಡಿ ಸರ್, ನೋಡಿ. ಬೆಳಗ್ಗೆಯಿಂದ ಇದೇ ನಡೀತಾ ಇದೆ," ಎಂದು ಅದನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದ.

ಮುದುಕ ಪೀರಪ್ಪ ಮೊದಲು ಬೆಚ್ಚಿದ. ಆಮೇಲೆ ನಕ್ಕ. ಮಿಷನ್ ಹೇಗಿದೆ ಎಂದು ನೋಡಲು ಯಾರೋ ಆಸೆಪಟ್ಟು ತೆಗೆದುಕೊಂಡಿದ್ದಾರೆ ಎಂದುಕೊಂಡ. ಊರಿಗೆ ಹೋದಾಗಲೂ ಜನ ಹೀಗೇ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರು. "ನೋಡ್ರಿ, ನೋಡ್ರಿ. ಸಣ್ಣದದ, ಬೀಳಿಸಬ್ಯಾಡ್ರಿ," ಎಂದ. ತನ್ನ ದನಿ ತನಗೇ ಕೇಳದಿದ್ದರಿಂದ ಹಾಲ್ ತುಂಬುವಷ್ಟು ಜೋರಾಗಿ ಎಂದ.

ಬೋರ್ಡಿನ ಮುಂದೆ ಇನ್ನೂ ಕೂತೇ ಇದ್ದ ಜಯಮಾಲಾ ಆ ನಗು ನೋಡಿದಳು. ನಾಲ್ಕು ಗಂಟೆ ಆಡಿ ಗೆದ್ದ ಖುಷಿ ಅವಳಿಗೆ ಅರ್ಧ ನಿಮಿಷವೂ ದಕ್ಕಲಿಲ್ಲ. ಅವಳು ಎದ್ದ ರಭಸಕ್ಕೆ ಕುರ್ಚಿ ಉರುಳಿತು.

"ಕೊಡ ಅದನ್ನ. ನಮ್ಮಪ್ಪನ ಕಿವಿ ಮುಟ್ಟಾಕ ನೀ ಯಾರು?"

"ಮೇಡಂ, ಮರ್ಯಾದೆ ಕೊಟ್ಟು ಮಾತಾಡಿ."

"ಮರ್ಯಾದಿ ನೀ ಕಿತ್ತಕೊಂಡಿ. ಅದರ ಜೊತಿಗೇ ಕಿತ್ತಕೊಂಡಿ."

ಹಲಸೂರಿನ ಆ ಸಮುದಾಯ ಭವನದಲ್ಲಿ ಇನ್ನೂ ಎಂಟು ಹತ್ತು ಬೋರ್ಡುಗಳಲ್ಲಿ ಆಟ ನಡೆಯುತ್ತಿತ್ತು. ಎಲ್ಲರೂ ತಲೆ ಎತ್ತಿದರು. ಪಂದ್ಯಾವಳಿಯ ತೀರ್ಪುಗಾರ ಫಹೀಮ್ ಅವರು ತಮ್ಮ ಮೇಜಿನಿಂದ ಅವಸರವಾಗಿ ಬಂದರು. ರಿಚರ್ಡ್ಸ್ ಟೌನಿನವರು, ಅರವತ್ತು ದಾಟಿದವರು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಮೊದಲು ಆನಂದನ ಬೆರಳಿನಿಂದ ಮಿಷನ್ ಬಿಡಿಸಿಕೊಂಡರು. ಜೇಬಿನಿಂದ ಒಗೆದ ಕರವಸ್ತ್ರ ತೆಗೆದು ಮಿಷನ್ನನ್ನು ಅದರ ಮೇಲಿಟ್ಟರು. ಆಮೇಲೆ ಮಾತಾಡಿದರು.

"ಭಾಯ್, ಅವರನ್ನ ಮುಟ್ಟೋ ಹಕ್ಕು ನಿಮಗಿಲ್ಲ. ಅನುಮಾನ ಇದ್ರೆ ನನಗೆ ಹೇಳ್ಬೇಕಿತ್ತು. ಬೆಳಗ್ಗೆ ನಾನೇ ಇದನ್ನ ನೋಡಿ ಒಳಗೆ ಬಿಟ್ಟಿದ್ದೀನಿ."

"ಹೊರಗಡೆಯಿಂದ ನೋಡಿದ್ದೀರ ಸರ್. ಒಳಗಡೆ ಏನಿದೆ ಯಾರಿಗೊತ್ತು? ಅಪ್ಪನಿಗೆ ಯಾರೋ ಫೋನಲ್ಲಿ ಹೇಳ್ತಾರೆ, ಅಪ್ಪ ಮಗಳಿಗೆ ಕೈ ಸನ್ನೆ ಮಾಡ್ತಾನೆ. ನಾನು ಫಾರ್ಮಲ್ ಕಂಪ್ಲೇಂಟ್ ಕೊಡ್ತೀನಿ. ಈ ಆಟ ಇವರದ್ದಲ್ಲ."

ಆನಂದ್ ಮಹದೇವಪುರದ ಹಳೆಯ ಮನೆತನದವನು. ಹೊಲವಿದ್ದ ಜಾಗದಲ್ಲಿ ಈಗ ಮೂರು ಕಟ್ಟಡಗಳಿದ್ದವು. ಒಂದರ ಕೆಳಗೆ ಅವನೇ ಚೆಸ್ ತರಗತಿ ನಡೆಸುತ್ತಿದ್ದ. ಆಟದ ಬಲ ಅಳೆಯುವ ರೇಟಿಂಗಿನಲ್ಲಿ ಸಾವಿರದ ಏಳುನೂರು ದಾಟಿದ್ದ. ಅವನ ಎದುರಿಗೆ ಬಂದವಳು ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಲ್ಲಿರುವ, ಆಫೀಸೊಂದರಲ್ಲಿ ಸ್ವಚ್ಛತೆಯ ಕೆಲಸ ನೋಡಿಕೊಳ್ಳುವ, ನಲವತ್ತೊಂದು ವರ್ಷದ ಹೆಂಗಸು. ಆಫೀಸಿನ ಆಟದ ಕೋಣೆಯಲ್ಲಿ ಊಟದ ಬಿಡುವಿಗೆ ಆಡುತ್ತಿದ್ದವಳನ್ನು ಅಲ್ಲಿನ ಇಂಜಿನಿಯರ್ ಶ್ವೇತ ನೋಡಿ, ತಾನೇ ಫಾರ್ಮ್ ತುಂಬಿ ಈ ಪಂದ್ಯಾವಳಿಗೆ ಸೇರಿಸಿದ್ದಳು. ಜಯಮಾಲಾಳ ಹೆಸರಿನ ಮುಂದೆ ರೇಟಿಂಗ್ ಇರಬೇಕಾದ ಜಾಗದಲ್ಲಿ ಸೊನ್ನೆ ಇತ್ತು. ಈ ಐದನೇ ಸುತ್ತಿನ ಗೆಲುವು ಸೇರಿದರೆ ಆ ಸೊನ್ನೆ ಹೋಗುತ್ತಿತ್ತು. ದೂರು ನಿಂತರೆ ಸೊನ್ನೆ ಉಳಿಯುವುದಷ್ಟೇ ಅಲ್ಲ, ಅದರ ಪಕ್ಕದಲ್ಲಿ ಕಳ್ಳಿ ಎಂಬ ಮಾತೂ ಉಳಿಯುತ್ತಿತ್ತು. ಅದು ಅವಳೊಬ್ಬಳಿಗೆ ಅಂಟುವ ಮಾತಾಗಿರಲಿಲ್ಲ, ಅಪ್ಪನಿಗೂ ಅಂಟುತ್ತಿತ್ತು.

ಫಹೀಮ್ ಇಬ್ಬರನ್ನೂ ಪಕ್ಕದ ಸಣ್ಣ ಕೋಣೆಗೆ ಕರೆದರು. ದೂರು ಬಂದಿರುವುದರಿಂದ ವಿಚಾರಣೆ ಮುಗಿಯುವವರೆಗೆ ಮಿಷನ್ ಮೇಜಿನ ಮೇಲೇ ಇರಬೇಕು ಎಂದರು. ಹೇಳುವಾಗ ಅವರು ಜಯಮಾಲಾಳ ಮುಖ ನೋಡಲಿಲ್ಲ. ನೋಂದಣಿಯ ಮೇಜಿನಲ್ಲಿದ್ದ ಸುಕನ್ಯ ಯಾರೂ ಹೇಳದೆಯೇ ಪೀರಪ್ಪನನ್ನು ಕೈಹಿಡಿದು ಕರೆತಂದು, ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದಳು. ಟೀ ತಂದಳು. ಬಿಸಿ ಎಂದು ಬಾಯಲ್ಲಿ ಹೇಳಿದರೆ ಕೇಳದೆಂದು ಲೋಟದ ಮೇಲೆ ಕೈಯಾಡಿಸಿ ಸನ್ನೆ ಮಾಡಿದಳು. ಪೀರಪ್ಪ ತಲೆಯಾಡಿಸಿ ಲೋಟವನ್ನು ಪಂಚೆಯ ಚುಂಗಿನಲ್ಲಿ ಹಿಡಿದುಕೊಂಡ. ಇಷ್ಟು ಜನ ಒಳಗೆ ಬಂದದ್ದು ಮಗಳ ಆಟವನ್ನು ಮತ್ತೊಮ್ಮೆ ನೋಡಲು ಎಂದು ಅವನು ನಂಬಿದ್ದ. ಜಯಮಾಲಾಳಿಗೆ ಅದು ಗೊತ್ತಾಗಿ ಕಣ್ಣು ಉರಿಯಿತು.

"ನನ್ನ ಪದ್ಧತಿ ಮೊದಲು ಬೋರ್ಡು, ಆಮೇಲೆ ಕಂಪ್ಯೂಟರು," ಎಂದರು ಫಹೀಮ್. "ಆಡಿದವರು ಆಟ ತೋರಿಸ್ಲಿ. ಯಾಕೆ ಆಡಿದೆ ಅಂತ ಹೇಳ್ಲಿ. ಕದ್ದ ಆಟಕ್ಕೆ ಯಾಕೆ ಅನ್ನೋದು ಇರಲ್ಲ. ಜಯಮಾಲಾ ಅವರೇ, ನಿಮ್ಮ ಹಾಳೆ ಕೊಡಿ."

ನಡೆಗಳನ್ನು ಬರೆದ ಹಾಳೆಯನ್ನು ಆನಂದ್ ಇಣುಕಿ ನೋಡಿ ನಕ್ಕ. "ಇದೇನ್ ಸರ್, ಕು, ಒಂ, ಆ. ಇಂಗ್ಲಿಷಲ್ಲಿ ಬರೆಯೋಕೂ ಬರಲ್ಲ. ಇವರು ನನ್ನನ್ನ ಸೋಲಿಸಿದ್ರಂತೆ."

"ಕುದುರೆಗೆ ಕು, ಒಂಟೆಗೆ ಒಂ, ಆನೆಗೆ ಆ. ಅವರವರ ಭಾಷೆಯ ಅಕ್ಷರ ಬರೀಬಹುದು. ರೂಲ್ ಇದೆ," ಎಂದರು ಫಹೀಮ್. "ನೀವು ಪಾಠ ಹೇಳೋರು, ಗೊತ್ತಿರ್ಬೇಕಿತ್ತು."

ಬೆಳಗ್ಗೆ ಆಟದ ಶುರುವಿನಲ್ಲಿ ಜಯಮಾಲಾಳ ಪೆನ್ನು ನಿಂತುಹೋದಾಗ ಇದೇ ಆನಂದ್ ತನ್ನದೊಂದನ್ನು ಮುಂದೆ ಚಾಚಿದ್ದ. ಎಷ್ಟು ಒಳ್ಳೆಯವನು ಎಂದುಕೊಂಡಿದ್ದಳು. ಈಗ ಅದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು. ಸೋಲುತ್ತಾಳೆ ಎಂದು ಗೊತ್ತಿದ್ದವಳಿಗೆ ಕೊಟ್ಟ ಪೆನ್ನು ಅದು. ಸೊಂಟದ ಚೀಲದಿಂದ ತೆಗೆದು ಅವನ ಮುಂದೆ ಮೇಜಿನ ಮೇಲಿಟ್ಟಳು.

ಬೋರ್ಡಿನ ಮೇಲೆ ಕಾಯಿ ಜೋಡಿಸಿದರು. ಮೊದಲ ಹತ್ತು ನಡೆ ನಡೆಸಿ ತೋರಿಸಿದಳು. ಆನಂದನ ಬಿಳಿ ಕಾಲಾಳುಗಳು ಎರಡೆರಡು ಮನೆ ಹಾರಿ ನಡುಬೋರ್ಡಿಗೆ ಬಂದು ನಿಂತವು. ಅವಳ ಕಪ್ಪು ಕಾಲಾಳುಗಳು ಒಂದೊಂದೇ ಮನೆ ಮುಂದಿಟ್ಟವು. ಒಂದೂ ಎರಡು ಹೆಜ್ಜೆ ಹಾಕಲಿಲ್ಲ. ಅವುಗಳ ಹಿಂದೆ ಒಂಟೆಗಳು ಎರಡು ಮೂಲೆಗಳ ಹತ್ತಿರ ಮಲಗಿದವು, ಕುದುರೆಗಳು ಲಾಯದ ಬಾಗಿಲಲ್ಲಿ ನಿಂತವು. ಬೇಲಿ ಹಾಕಿ ಒಳಗೆ ಕೂತ ಮನೆಯ ಹಾಗಿತ್ತು.

"ಇದು ನೀರಾನೆ ಓಪನಿಂಗ್," ಎಂದ ಆನಂದ್. "ನೀರೊಳಗೆ ಮುಳುಗಿ ಕಣ್ಣು ಮಾತ್ರ ಮೇಲಿಟ್ಟಂಗೆ. ಯಾವ ಬಿಗಿನರೂ ಇದನ್ನ ಆಡಲ್ಲ ಸರ್. ನನ್ನ ಸ್ಟೂಡೆಂಟ್ಸ್‌ಗೇ ನಾನು ಹೇಳ್ಕೊಟ್ಟಿಲ್ಲ. ಇವರಿಗೆ ಯಾವ ಬುಕ್ಕಲ್ಲಿ ಸಿಕ್ತು ಕೇಳಿ."

"ಬುಕ್ ಓದಿಲ್ಲ ನಾ," ಎಂದಳು ಜಯಮಾಲಾ. "ನಮ್ಮೂರ ಕಟ್ಟಿ ಮ್ಯಾಲಿನ ಆಟದಾಗ ಕಾಲಾಳು ಒಂದೇ ಹೆಜ್ಜಿ ಇಡ್ತದ. ಎರಡ ಹೆಜ್ಜಿ ಅನ್ನೂದ ಇಲ್ಲ. ಏಳು ವರ್ಷದಾಕಿ ಇದ್ದಾಗಿಂದ ಅಪ್ಪನ ಜೋಡಿ ಹಂಗ ಆಡೀನಿ. ಆಫೀಸಿಗೆ ಬಂದ ಮ್ಯಾಲ ಎರಡ ಇಡಬಹುದು ಅಂತ ತಿಳೀತು. ತಿಳದರೂ ಕೈ ಬರಂಗಿಲ್ಲ."

"ಕಥೆ ಚೆನ್ನಾಗಿದೆ."

"ಕಥಿ ಅಲ್ಲ. ಮುವತ್ನಾಕ ವರ್ಷ."

ಪೀರಪ್ಪ ಬೋರ್ಡನ್ನೇ ನೋಡುತ್ತಿದ್ದವನು ಟೀ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿದ. ಎದುರಿನವನು ಮಗಳ ಆಟದ ಕ್ರಮ ಕೇಳುತ್ತಿದ್ದಾನೆ ಎಂದುಕೊಂಡು, ಆನಂದನ ಮೊಣಕೈ ಮುಟ್ಟಿ, ಬೆರಳಿನಿಂದ ಕಾಲಾಳುಗಳ ಬೇಲಿಯನ್ನು ತೋರಿಸಿದ. "ಅವಸರ ಮಾಡಬಾರದು ತಮ್ಮ. ಮೊದಲ ಮನಿ ಭದ್ರ ಮಾಡ್ಕೋಬೇಕು. ನೀ ಭಾಳ ಓಡಿದಿ," ಎಂದು ಜೋರಾಗಿ, ಅಕ್ಕರೆಯಿಂದ ಹೇಳಿದ. ಬಾಗಿಲಲ್ಲಿ ನಿಂತಿದ್ದವರು ನಕ್ಕರು. ಆನಂದ್ ಮೊಣಕೈ ಎಳೆದುಕೊಂಡ.

ಎಳೆದುಕೊಂಡ ರೀತಿಯನ್ನು ಜಯಮಾಲಾ ನೋಡಿದಳು. ಮುಸುರೆ ತಾಗಿದವನ ಹಾಗೆ.

ಆಟ ಮುಂದುವರಿಯಿತು. ಎಲ್ಲಿ ಕಾದಳು, ಎಲ್ಲಿ ಕಾಯಿ ಬದಲಾಯಿಸಿದಳು, ಎಲ್ಲಿ ಹೆದರಿದಳು ಎಂದು ಒಂದೊಂದನ್ನೂ ಹೇಳಿದಳು. ಒಂದು ಕಡೆ ಒಂಟೆಯನ್ನು ಸುಮ್ಮನೆ ಹಿಂದಕ್ಕೆ ಎಳೆದದ್ದು ಯಾಕೆ ಎಂದು ಫಹೀಮ್ ಕೇಳಿದಾಗ, "ಏನೂ ತೋಚಲಿಲ್ರಿ, ಅದಕ್ಕ," ಎಂದಳು. ಅವರು ಮೀಸೆಯಲ್ಲೇ ನಕ್ಕು ಬರೆದುಕೊಂಡರು.

ಮೂವತ್ತೊಂದನೇ ನಡೆಗೆ ಬಂದಾಗ ಆನಂದ್ ಕೈ ಅಡ್ಡ ಇಟ್ಟ.

"ಇಲ್ಲಿ ನಿಲ್ಲಿಸಿ ಸರ್. ಇದೇ ನನ್ನ ಕಂಪ್ಲೇಂಟು."

ಅವಳ ಕಪ್ಪು ಕಾಲಾಳೊಂದು ಬೋರ್ಡು ದಾಟಿ ಬಂದು, ಬಿಳಿಯ ಮೊದಲ ಸಾಲಿಗೆ ಒಂದೇ ಹೆಜ್ಜೆ ಇರುವಲ್ಲಿ ನಿಂತಿತ್ತು. ಕೊನೆಯ ಮನೆ ಮುಟ್ಟಿದ ಕಾಲಾಳು ಬೇಕಾದ ದೊಡ್ಡ ಕಾಯಿಯಾಗಬಹುದು. ನೂರಕ್ಕೆ ತೊಂಬತ್ತೊಂಬತ್ತು ಜನ ರಾಣಿ ಮಾಡುತ್ತಾರೆ, ಎಲ್ಲಕ್ಕಿಂತ ಬಲವಾದದ್ದು ಅದೇ. ಜಯಮಾಲಾ ಕುದುರೆ ಮಾಡಿದ್ದಳು. ಆ ಕುದುರೆ ಹುಟ್ಟುತ್ತಲೇ ಆನಂದನ ರಾಣಿ ಮತ್ತು ಆನೆ ಎರಡರ ಮೇಲೂ ಕಣ್ಣಿಟ್ಟಿತ್ತು. ಅವನು ರಾಣಿ ಉಳಿಸಿಕೊಂಡ, ಆನೆ ಕಳೆದುಕೊಂಡ.

"ಎರಡು ಸೆಕೆಂಡೂ ಯೋಚ್ನೆ ಮಾಡ್ಲಿಲ್ಲ ಸರ್. ಟಕ್ ಅಂತ ಕುದುರೆ ಇಟ್ರು. ಇಂಥ ನಡೆ ಮನುಷ್ಯರ ತಲೆಗೆ ಹೊಳೆಯಲ್ಲ, ಮಷೀನಿಗೆ ಹೊಳೆಯುತ್ತೆ. ರೇಟಿಂಗ್ ಇಲ್ಲದೋರಿಗೆ ಅಷ್ಟು ಬೇಗ ಹೆಂಗೆ ಹೊಳೀತು, ಅದನ್ನ ಹೇಳ್ಲಿ."

ಫಹೀಮ್ ಪೆನ್ನು ಎತ್ತಿ ಹಿಡಿದು ಕಾದರು. "ಯಾಕೆ ಕುದುರೆ ಮಾಡಿದ್ರಿ?"

ಜಯಮಾಲಾಳಿಗೆ ಉತ್ತರ ಗೊತ್ತಿತ್ತು. ಕುದುರೆ ಇಟ್ಟ ಗಳಿಗೆಯಿಂದ ಅವಳನ್ನು ಕೊರೆಯುತ್ತಿದ್ದುದು ಅದೇ. ರಾಣಿ, ಆನೆ ಎರಡೂ ಸಿಗುತ್ತವೆಂದು ನೋಡಿ ಮಾಡಿದೆ ಎಂದರೆ ಜಾಣೆ ಅನ್ನಿಸಿಕೊಳ್ಳಬಹುದು, ಅನುಮಾನ ಮಾತ್ರ ಗಟ್ಟಿಯಾಗುತ್ತದೆ. ನಿಜ ಹೇಳಿದರೆ ಕಳ್ಳಿಯಲ್ಲ ಎಂದಾಗುತ್ತದೆ, ಆದರೆ ಇಷ್ಟು ಜನರ ಮುಂದೆ ದಡ್ಡಿ ಎಂದಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಅವಳನ್ನು ಇಲ್ಲಿ ತಂದು ನಿಲ್ಲಿಸಿದವನು ಕೈ ಕಟ್ಟಿ ಒರಗಿ ಕೂತಿದ್ದ. ಅವನು ಸೋತದ್ದಕ್ಕೆ ಅವಳು ಲೆಕ್ಕ ಒಪ್ಪಿಸಬೇಕಿತ್ತು.

"ತಪ್ಪಿ ಮಾಡೀನಿ," ಎಂದಳು.

"ಏನು?"

"ನಮ್ಮ ಆಟದಾಗ ಕಾಲಾಳು ಯಾವ ಮನಿ ಮುಟ್ಟತದೋ ಆ ಮನೀ ಕಾಯಿ ಆಗ್ತದ. ಆನಿ ಮನಿ ಮುಟ್ಟಿದ್ರ ಆನಿ. ಒಂಟಿ ಮನಿ ಮುಟ್ಟಿದ್ರ ಒಂಟಿ. ಅದು ಕುದುರಿ ಮನಿ. ಕೈ ತಾನ ಕುದುರಿ ತಗೊಂಡ ಇಟ್ಟತು. ಇಲ್ಲಿ ರಾಣಿ ಮಾಡಬಹುದು ಅಂತ ಇಟ್ಟ ಮ್ಯಾಲ ನೆನಪಾತು."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಆನಂದ್ ತೊಡೆ ತಟ್ಟಿಕೊಂಡ. "ಬಿಡಿ ಸರ್. ರೂಲ್ಸೇ ಗೊತ್ತಿಲ್ಲ ಅಂತಿದ್ದಾರೆ. ಈಗ ಕೂತಲ್ಲೇ ಕಟ್ಟಿದ ಕಥೆ ಇದು."

ಫಹೀಮ್ ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಪೀರಪ್ಪನ ಎದುರಿಗೆ ಹಾಕಿಕೊಂಡರು. ಎಲ್ಲರಿಗೂ ಸುಮ್ಮನಿರಲು ಹೇಳಿ, ಜಯಮಾಲಾಳಿಗೆ ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿದರು. ಅವಳು ತಿರುಗಿದಳು. ತಪ್ಪು ಮಾಡಿದ ಮಗುವನ್ನು ನಿಲ್ಲಿಸಿದ ಹಾಗೆ ಗೋಡೆಯ ಸುಣ್ಣ ನೋಡುತ್ತ ನಿಂತಳು.

ಆಮೇಲೆ ನಡೆದದ್ದನ್ನು ಅವಳು ಕಿವಿಯಿಂದಷ್ಟೇ ತಿಳಿದಳು. ಒಂದು ಕಾಲಾಳು ಕೊನೆಯ ಮನೆಗೆ ಸರಿದ ಸದ್ದು. ಕಾಯಿಗಳ ಡಬ್ಬಿ ಮುಂದಕ್ಕೆ ಜಾರಿದ ಸದ್ದು. ಮತ್ತೆ ಒಂದು ಟಕ್. ಮತ್ತೊಮ್ಮೆ ಸರಿದ ಸದ್ದು, ಮತ್ತೊಂದು ಟಕ್. ಮೂರನೇ ಸಲವೂ ಹಾಗೇ.

"ತಿರುಗಿ ಬೇಟಿ," ಎಂದರು ಫಹೀಮ್.

ಮೂರು ಮನೆಗಳಲ್ಲಿ ಮೂರು ಕಾಯಿಗಳು ನಿಂತಿದ್ದವು. ಮೂಲೆಯ ಮನೆಯಲ್ಲಿ ಆನೆ, ಅದರ ಪಕ್ಕದಲ್ಲಿ ಕುದುರೆ, ಅದರ ಪಕ್ಕದಲ್ಲಿ ಒಂಟೆ. ಡಬ್ಬಿಯಲ್ಲಿ ರಾಣಿ ಎಲ್ಲಕ್ಕಿಂತ ಮೇಲೆ ಬಿದ್ದಿತ್ತು. ಪೀರಪ್ಪ ಅದನ್ನು ಮುಟ್ಟಿಯೇ ಇರಲಿಲ್ಲ. ಇಷ್ಟು ಸುಲಭದ ಪ್ರಶ್ನೆಗಳನ್ನು ಯಾಕೆ ಕೇಳುತ್ತಾರೋ ಎಂಬ ಹಾಗೆ ಅವನು ಫಹೀಮರ ಮುಖ ನೋಡುತ್ತಿದ್ದ.

"ಇವರಿಗೆ ಕೇಳಿಸಲ್ಲ. ಮಿಷನ್ ನನ್ನ ಹತ್ರ ಇದೆ. ಮಗಳು ಗೋಡೆ ನೋಡ್ತಿದ್ಲು," ಎಂದರು ಫಹೀಮ್. "ಇನ್ನೇನು ಬೇಕು ಆನಂದ್?"

ಆನಂದ್ ಮುಂದಕ್ಕೆ ಬಾಗಿ, "ಸರಿ, ಆದ್ರೂ ಅದೇ ಬೆಸ್ಟ್ ಮೂವ್ ಅಲ್ವ ಸರ್," ಎಂದ. ದನಿ ತಗ್ಗಿತ್ತು. "ಕಂಪ್ಯೂಟರ್ ಹಾಕಿ ನೋಡಿ, ಅದೂ ಕುದುರೇನೇ ಹೇಳುತ್ತೆ. ರಾಣಿ ಮಾಡಿದ್ರೆ ನಾನು ಆನೆ ಅಡ್ಡ ಇಟ್ಟು ಉಳ್ಕೋತಿದ್ದೆ."

ಜಯಮಾಲಾ ಮೇಜಿನ ಹತ್ತಿರ ಬಂದಳು. ಇಷ್ಟು ಹೊತ್ತು ಹಿಡಿದಿಟ್ಟದ್ದು ಅವಳ ಕೈಗೆ ಬಂದಿತ್ತು. ಪಟಪಟನೆ ಮೂವತ್ತೊಂದನೇ ನಡೆಯ ಕಾಯಿಗಳನ್ನು ಮತ್ತೆ ಜೋಡಿಸಿದಳು. ಕುದುರೆಯ ಜಾಗದಲ್ಲಿ ಕಪ್ಪು ರಾಣಿಯನ್ನು ಕುಟ್ಟಿ ಇಟ್ಟಳು.

"ಇಡು. ನಿನ್ನ ಆನಿ ಅಡ್ಡ ಇಡು."

ಅವನು ಆನೆಯನ್ನು ತನ್ನ ರಾಜ ಮತ್ತು ಅದಕ್ಕೆ ಚೆಕ್ ಕೊಟ್ಟಿದ್ದ ಅವಳ ರಾಣಿಯ ನಡುವೆ ತಂದಿಟ್ಟ. ಅವಳು ರಾಣಿಯಿಂದ ಅದನ್ನು ಹೊಡೆದು ಆಚೆ ಇಟ್ಟಳು.

"ಈಗ ನನ್ನ ರಾಣಿನ್ನ ಯಾವ ಕಾಯಿಯಿಂದ ಹೊಡೀತಿ? ಹೊಡಿ."

ಆನಂದನ ಕೈ ತನ್ನ ರಾಣಿಯ ಮೇಲೆ ಹೋಗಿ ನಿಂತಿತು. ಅದು ಇದ್ದ ಮನೆಯಿಂದ ಅಲ್ಲಿಗೆ ದಾರಿ ಇರಲಿಲ್ಲ. ಪಕ್ಕದ ಮನೆಯಲ್ಲಿದ್ದರೆ ಇರುತ್ತಿತ್ತು. ಅಲ್ಲಿದೆ ಎಂದುಕೊಂಡೇ ಅವನು ಇಷ್ಟು ಹೊತ್ತು ಲೆಕ್ಕ ಹಾಕಿದ್ದ. ಅವನ ರಾಜ ತನ್ನದೇ ಮೂರು ಕಾಲಾಳುಗಳ ಹಿಂದೆ ಸಿಕ್ಕಿಬಿದ್ದಿತ್ತು. ಆನೆಯ ಬದಲು ರಾಣಿಯನ್ನೇ ಅಡ್ಡ ಇಟ್ಟರೂ ಒಂದು ನಡೆ ತಡವಾಗುತ್ತಿತ್ತು, ಅಷ್ಟೇ.

"ಮೂರ ನಡೀಗೆ ಮುಗೀತಿತ್ತು," ಎಂದಳು ಜಯಮಾಲಾ. "ಮಷೀನ್ ಇದ್ದಿದ್ರ ಇದನ್ನ ಹೇಳ್ತಿತ್ತು. ಕುದುರಿ ಇಟ್ಟು ಕೈ ಬಿಟ್ಟ ಮರುಗಳಿಗೀಗೆ ನನಗ ಇದು ಕಂಡತು. ಕಂಡರ ಏನ ಮಾಡೂದು, ಕೈ ಬಿಟ್ಟಾಗಿತ್ತು. ಆಮ್ಯಾಲ ಮೂವತ್ತೆಂಟು ನಡಿ ಹಲ್ಲ ಕಚ್ಚಿ ಆಡೀನಿ. ಅಷ್ಟ ನಡಿನೂ ನೀ ಎದುರಿಗೇ ಕುಂತಿದ್ದಿ. ನನ್ನ ಮಾರಿ ಒಮ್ಮೆರ ನೋಡೀದಿ ಏನ?"

ಫಹೀಮ್ ಆಮೇಲೆ ಕಂಪ್ಯೂಟರನ್ನೂ ಹಾಕಿ ನೋಡಿದರು. ಅದು ಅವಳು ಹೇಳಿದ್ದನ್ನೇ ಹೇಳಿತು. ಮಿಷನ್ನಿನ ಒಳಗೆ ಬಟನ್ನಿನಷ್ಟು ಬ್ಯಾಟರಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ದೂರನ್ನು ತಳ್ಳಿಹಾಕಿ, ಫಲಿತಾಂಶದ ಹಾಳೆಯನ್ನು ಆನಂದನ ಮುಂದೆ ಸರಿಸಿದರು. ಅವನು ಸಹಿ ಹಾಕಿ ಎದ್ದ.

"ಸಾರಿ ಮೇಡಂ. ಸಣ್ಣ ಮಿಸ್‌ಅಂಡರ್‌ಸ್ಟ್ಯಾಂಡಿಂಗ್. ಮನಸ್ಸಲ್ಲಿ ಇಟ್ಕೋಬೇಡಿ."

"ನನಗ ಯಾಕ ಹೇಳ್ತಿ? ಕಿವಿ ನಂದೇನ?"

ಅವಳು ಮಿಷನ್ನನ್ನು ಕರವಸ್ತ್ರದಿಂದ ತೆಗೆದು ಅಪ್ಪನ ಕಿವಿಗೆ ಸಿಕ್ಕಿಸಿದಳು. ಪೀರಪ್ಪ ತಲೆ ಅಲ್ಲಾಡಿಸಿ ಸರಿಮಾಡಿಕೊಂಡ. ಫ್ಯಾನಿನ ಸದ್ದು ಕೇಳಿ ಮೇಲೆ ನೋಡಿದ. ಅಪ್ಪನಿಗೆ ಏನೂ ತಿಳಿಯದ ಹಾಗೆ ಕರೆದುಕೊಂಡು ಹೋಗಿಬಿಡಬಹುದು ಎಂದು ಒಂದು ಕ್ಷಣ ಅವಳಿಗೆ ಅನ್ನಿಸಿತು. ಮೆಟ್ರೋದಲ್ಲಿ ಕೂತು ಅವನು ಆಟದ ಮಾತನ್ನೇ ಆಡುತ್ತ ಬರುತ್ತಾನೆ. ಆದರೆ ಹಾಲಿನಲ್ಲಿ ಅಷ್ಟು ಜನ ನೋಡಿದ್ದರು. ಎಲ್ಲರಿಗೂ ಗೊತ್ತಿದ್ದು ಅವನೊಬ್ಬನಿಗೇ ಗೊತ್ತಿಲ್ಲದೆ, ಅವನು ನಗುತ್ತ ಅವರ ನಡುವೆ ನಡೆದುಹೋಗುವುದು ಅವಳಿಗೆ ಸಹಿಸಲಾಗಲಿಲ್ಲ.

"ಸಾರಿ ತಾತ," ಎಂದ ಆನಂದ್, ಬಾಗಿಲ ಕಡೆ ನೋಡುತ್ತ.

"ಯಾಕಪ್ಪ?" ಎಂದ ಪೀರಪ್ಪ. "ಆಟದಾಗ ಸೋಲು ಗೆಲವು ಇದ್ದದ್ದ."

ಪೀರಪ್ಪ ಮಗಳ ಕಡೆ ನೋಡಿದ. ಅವಳು ಆನಂದನನ್ನೇ ನೋಡುತ್ತಿದ್ದಳು. ಅವನಿಗೆ ಒಂದು ಮಾತಿನ ಸಹಾಯವನ್ನೂ ಮಾಡಲಿಲ್ಲ.

"ಅದು... ನೀವು ಮಿಷನ್ನಲ್ಲಿ ಕೇಳಿಸ್ಕೊಂಡು ಇವರಿಗೆ ಹೇಳ್ಕೊಡ್ತಿದ್ದೀರ ಅಂತ ಅಂದ್ಕೊಂಡೆ. ಮೋಸದ ಆಟ ಅಂತ."

ಪೀರಪ್ಪನ ಮುಖದಿಂದ ನಗು ತಟ್ಟನೆ ಹೋಗಲಿಲ್ಲ. ದೀಪದ ಬತ್ತಿ ಇಳಿಸಿದ ಹಾಗೆ ಮೆಲ್ಲಗೆ ಹೋಯಿತು. ಕಿವಿಯನ್ನೊಮ್ಮೆ ಮುಟ್ಟಿಕೊಂಡ. ಬೋರ್ಡು ನೋಡಿದ, ಫಹೀಮರು ಇಟ್ಟ ಮೂರು ಪ್ರಶ್ನೆಗಳ ಅರ್ಥ ಅವನಿಗೆ ಆಗ ಆಯಿತು.

"ಹೇಳಿ ಕೊಟ್ಟೀನಿ, ಖರೇ," ಎಂದ ಕೊನೆಗೆ. "ಆಕಿ ಲಂಗಾ ಹಾಕ್ಕೊಳ್ಳೂ ವಯಸ್ಸಿನ್ಯಾಗ ಕೊಟ್ಟೀನಿ. ಇವತ್ತಲ್ಲ."

ಆನಂದ್ ಹೊರಟುಹೋದ. ಬಾಗಿಲಲ್ಲಿ ನಿಂತವರು ಅವನಿಗೆ ದಾರಿ ಬಿಟ್ಟರು, ಇಬ್ಬರು ಬೆನ್ನು ತಟ್ಟಿದರು. ಅದನ್ನೂ ಜಯಮಾಲಾ ನೋಡಿದಳು.

"ಸಾಹೇಬ್ರ, ಅವ ಕಂಪ್ಲೇಂಟ್ ಕೊಡ್ತೀನಿ ಅಂದಕೂಡ್ಲೇ ನೀವು ತಗೊಂಡ್ರಿ. ನಾ ಕೊಟ್ರ ತಗೋತೀರಿ?"

ಫಹೀಮ್ ಕನ್ನಡಕ ತೆಗೆದು ಒರೆಸಿಕೊಂಡರು. "ತಗೋಬೇಕು. ಸುಳ್ಳು ದೂರು ಕೊಟ್ಟೋರ ಮೇಲೂ, ಪ್ರೇಕ್ಷಕರ ಮೈ ಮುಟ್ಟಿದೋರ ಮೇಲೂ ಕ್ರಮ ಇದೆ. ಆದ್ರೆ ಬೇಟಿ, ಇವರೆಲ್ಲ ಒಬ್ಬರಿಗೊಬ್ಬರು ಬೇಕಾದೋರು. ಮುಂದಿನ ಪಂದ್ಯಾವಳಿಗೆ ಬಂದಾಗ ನಿಮ್ಮನ್ನ ಬೇರೆ ಥರ ನೋಡ್ತಾರೆ. ಅದನ್ನೂ ಹೇಳ್ಬೇಕು ನಾನು, ಹೇಳ್ತಿದ್ದೀನಿ."

"ಇವತ್ತ ಯಾವ ಥರ ನೋಡ್ಯಾರ್ರಿ?"

ಪೀರಪ್ಪ ಮಗಳ ತೋಳು ಹಿಡಿದ. "ಬಿಡವ್ವ. ಗೆದ್ದಿ. ಕ್ಷಮಾ ಕೇಳ್ಯಾನ. ಸಣ್ಣವನು, ಸೋತ ಸಿಟ್ಟು. ಹೋಗೂಣು ನಡಿ."

"ನೀ ಬಿಡಪ್ಪ. ನೀ ಬಿಟ್ಟದ್ದ ಭಾಳ ಆತು. ನಾ ಬಿಡಂಗಿಲ್ಲ."

ಪೀರಪ್ಪ ಕೈ ತೆಗೆಯಲಿಲ್ಲ, ಮತ್ತೆ ಬಿಡು ಎಂದೂ ಹೇಳಲಿಲ್ಲ. ಸುಕನ್ಯ ಕೋಣೆಯ ಮೇಜಿನ ಮೇಲಿದ್ದ ತನ್ನ ಊಟದ ಡಬ್ಬಿಯನ್ನು ಬದಿಗೆ ಸರಿಸಿ ಜಾಗ ಮಾಡಿ, ಗೆರೆ ಎಳೆದ ಎರಡು ಹಾಳೆ, ಒಂದು ಪೆನ್ನು ತಂದಿಟ್ಟಳು. "ಇಲ್ಲೇ ಬರೀರಿ ಅಕ್ಕ. ನಾನು ನೋಡಿದ್ದೀನಿ, ನಾನೂ ಕೆಳಗೆ ಸಹಿ ಹಾಕ್ತೀನಿ," ಎಂದಳು.

ಜಯಮಾಲಾ ಕೂತಳು. ಹೊರಗಿನ ಹಾಲಿನಲ್ಲಿ ಆರನೇ ಸುತ್ತಿಗೆ ಹೆಸರು ಕೂಗುತ್ತಿದ್ದರು. ಅವಳ ಹೆಸರನ್ನೂ ಕೂಗಿದರು. ಗಡಿಯಾರ ಶುರುವಾದ ಹದಿನೈದು ನಿಮಿಷದೊಳಗೆ ಬೋರ್ಡಿಗೆ ಹೋದರೆ ಸಾಕಿತ್ತು. ಮೊದಲ ಸಾಲಿನಲ್ಲಿ ದಿನಾಂಕ ಹಾಕಿದಳು. ಎರಡನೆಯದರಲ್ಲಿ, ಅಕ್ಷರ ಕೆಳಗಿನ ಹಾಳೆಗೂ ಮೂಡುವಷ್ಟು ಒತ್ತಿ, ಬರೆಯತೊಡಗಿದಳು: ನನ್ನ ತಂದೆ ಪೀರಪ್ಪ, ವಯಸ್ಸು ಎಪ್ಪತ್ತಮೂರು, ಇವರ ಕಿವಿಯಿಂದ...